ಕಲ್ಲಿಗೆ ಜೇನುತುಪ್ಪ ಹಚ್ಚಿ ವೇಗ ಅಳೆದದ್ದು

ಭೂಕಂಪದ ತರಂಗಗಳಂಥ ಸದ್ದು ಕಲ್ಲಿನೊಳಗೆ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಅಳೆಯುವುದು ನಮ್ಮ ಲ್ಯಾಬಿನ ಕೆಲಸ. ಅದರಲ್ಲಿ ಎಸ್ ತರಂಗ ಅಳೆಯುವ ದಿನ ಮೇಜಿನ ಮೇಲೆ ಜೇನುತುಪ್ಪದ ಬಾಟಲಿ ಇರುತ್ತಿತ್ತು. ಅದು ಕಲ್ಲಿಗೆ. ಸದ್ದು ಕಳಿಸುವ, ಹಿಡಿಯುವ ಟ್ರಾನ್ಸ್‌ಡ್ಯೂಸರ್‌ಗೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಸದ್ದು ದಾಟುವುದಿಲ್ಲ. ಹಿಂದುಮುಂದೆ ಒತ್ತುತ್ತಾ ಸಾಗುವ ಪಿ ತರಂಗಕ್ಕೆ ವ್ಯಾಸಲೀನ್ ಸಾಕು. ಎಸ್ ತರಂಗ ಹಾಗಲ್ಲ. ಅದು ಅಕ್ಕಪಕ್ಕ ಅಲುಗಾಡಿಸುತ್ತಾ ಸಾಗುತ್ತದೆ, ತೆಳು ದ್ರವದಲ್ಲಿ ಸತ್ತೇ ಹೋಗುತ್ತದೆ. ಅದಕ್ಕೆ ಮಂದವಾದ, ಅಂಟಂಟಾದ ಏನಾದರೂ ಬೇಕು. ಒಳ್ಳೆ ಗಟ್ಟಿ ಜೇನು ಈ ಕೆಲಸಕ್ಕೆ ತುಂಬಾ ಚೆನ್ನಾಗಿ ಒದಗುತ್ತದೆ. ಹಚ್ಚಿ, ಒತ್ತಿ ಹಿಡಿದು, ಹತ್ತು ನಿಮಿಷ ಬಿಟ್ಟರೆ ಆಸಿಲೋಸ್ಕೋಪಿನ ಪರದೆಯ ಮೇಲೆ ಎಸ್ ತರಂಗದ ಏರು ಸ್ಪಷ್ಟವಾಗಿ ಮೂಡುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಭೂಮಿಯ ಆಳವನ್ನು ಯಾರೂ ಕಣ್ಣಾರೆ ನೋಡಿಲ್ಲ. ನಮಗೆ ಸಿಗುವುದು ವೇಗ ಮಾತ್ರ. 1909ರಲ್ಲಿ ಕ್ರೊವೇಶಿಯಾದ ಒಂದು ಭೂಕಂಪದ ದಾಖಲೆ ನೋಡುತ್ತಾ ಮೊಹೊರೊವಿಚಿಚ್ ಅವರು ಆಳದಲ್ಲಿ ಎಲ್ಲೋ ವೇಗ ಥಟ್ಟನೆ ಹೆಚ್ಚುತ್ತದೆ ಎಂದು ಕಂಡುಕೊಂಡರು. ಆ ಗೆರೆಗೆ ಈಗ ಮೋಹೊ ಎನ್ನುತ್ತಾರೆ. ಅದರ ಮೇಲಿರುವುದು ಭೂಚಿಪ್ಪು, ಕೆಳಗಿರುವುದು ಮ್ಯಾಂಟಲ್. ಚಿಪ್ಪಿನ ತಳದಲ್ಲಿ ಸೆಕೆಂಡಿಗೆ ಸುಮಾರು 7 ಕಿ.ಮೀ. ಇದ್ದ ಪಿ ತರಂಗ ಮ್ಯಾಂಟಲ್‌ಗೆ ಇಳಿದ ಕೂಡಲೇ 8 ಕಿ.ಮೀ. ಆಗುತ್ತದೆ. ನಮ್ಮಲ್ಲೂ 1970ರ ದಶಕದಲ್ಲಿ ಆಂಧ್ರದ ಕಾವಲಿಯಿಂದ ಉಡುಪಿಯವರೆಗೆ, ಸುಮಾರು 600 ಕಿ.ಮೀ. ಉದ್ದಕ್ಕೂ ಸಿಡಿಮದ್ದು ಸಿಡಿಸಿ ಈ ವೇಗಗಳನ್ನು ಅಳೆದರು. ಆದರೆ 6.8 ಎಂಬ ಸಂಖ್ಯೆ ಯಾವ ಕಲ್ಲು ಎಂದು ಹೇಳುವುದಿಲ್ಲ, ಅಲ್ವಾ? ಅದನ್ನು ಕಲ್ಲನ್ನೇ ಕೈಗೆತ್ತಿಕೊಂಡು ಕೇಳಬೇಕು.

ಕರ್ನಾಟಕದವರಿಗೆ ಇಲ್ಲೊಂದು ಭಾಗ್ಯವಿದೆ. ಚಿತ್ರದುರ್ಗದ ಕಡೆಯಿಂದ ದಕ್ಷಿಣಕ್ಕೆ ಬಂದ ಹಾಗೆಲ್ಲ ಹೆಚ್ಚು ಹೆಚ್ಚು ಆಳದಲ್ಲಿದ್ದ ಕಲ್ಲುಗಳು ಮೇಲೆ ಕಾಣುತ್ತವೆ. ಓರೆಯಾಗಿ ಕತ್ತರಿಸಿದ ಪದರದ ರೊಟ್ಟಿಯ ಹಾಗೆ. ನಾನು ಮೊದಲು ಹೋದದ್ದು ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ. ಅಲ್ಲಿನ ಕ್ವಾರಿಯಲ್ಲಿ ಬೂದು ಬಣ್ಣದ, ಪಟ್ಟೆಪಟ್ಟೆಯ ನೀಸ್ ಕಲ್ಲಿನ ಮಧ್ಯೆ ಎಣ್ಣೆ ಚೆಲ್ಲಿದಂತೆ ಕಪ್ಪು-ಹಸಿರು ಮಚ್ಚೆಗಳಿವೆ. ಆ ಮಚ್ಚೆಗಳೇ ಚಾರ್ನೊಕೈಟ್. ಪಟ್ಟೆಗಳು ಮಚ್ಚೆಯ ಅಂಚಿಗೆ ಬಂದು ಮಾಸಿಹೋಗುತ್ತವೆ. ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಲೋಕಕ್ಕೆ ತೋರಿಸಿಕೊಟ್ಟದ್ದು ಇದನ್ನೇ: ಚಾರ್ನೊಕೈಟ್ ಆಗುತ್ತಾ ಆಗುತ್ತಾ ಅರ್ಧಕ್ಕೆ ನಿಂತ ಕಲ್ಲು. ಸುಮಾರು 20 ಕಿ.ಮೀ. ಆಳದಲ್ಲಿ, 700 ಡಿಗ್ರಿಗೂ ಮೀರಿದ ಕಾವಿನಲ್ಲಿ ಆದ ಬದಲಾವಣೆ. ಆ ಅಂಚಿನ ಮೇಲೆ ಮೊದಲ ಸಲ ಕೈಯಿಟ್ಟಾಗ ನನಗೆ ಮಾತೇ ಹೊರಡಲಿಲ್ಲ.

ಕ್ವಾರಿಯ ಕೆಲಸದವರು ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. "ಇದು ಬ್ಯಾಡ ಸಾ, ಒಳಗೆ ಬಿರುಕೈತೆ" ಎಂದು ಒಬ್ಬರು ನಾನು ಆರಿಸಿದ ತುಂಡನ್ನು ಪಕ್ಕಕ್ಕಿಟ್ಟರು. ಹೊರಗೆ ಏನೂ ಕಾಣುತ್ತಿರಲಿಲ್ಲ. ನಾನು ಹಟ ಮಾಡಿ ತಂದೆ. ಕೋರ್, ಅಂದರೆ ಅಳೆಯಲು ಬೇಕಾದ ಉರುಳೆಯಾಕಾರದ ಸಣ್ಣ ತುಂಡು, ಕೊರೆದು ತೆಗೆಯುವಾಗ ಅದು ಎರಡು ಹೋಳಾಯಿತು. ಆಮೇಲೆ ಪ್ರತಿ ಸಲ ಅವರು ಬಡಿದು ಕೊಟ್ಟದ್ದನ್ನೇ ತಂದೆ.

ಒಂದು ಕಲ್ಲಿನಿಂದ ಮೂರು ಕೋರ್ ತೆಗೆಯಬೇಕು: ಪಟ್ಟೆಯ ಉದ್ದಕ್ಕೆ, ಪಟ್ಟೆಯ ಅಗಲಕ್ಕೆ, ಪಟ್ಟೆಗೆ ಅಡ್ಡಲಾಗಿ. ಒಂದೇ ಕಲ್ಲಾದರೂ ದಿಕ್ಕು ಬದಲಾದರೆ ವೇಗ ಬದಲಾಗುತ್ತದೆ. ಬಯೊಟೈಟ್ ಎಂಬ ಕಪ್ಪು ಅಭ್ರಕ ಜಾಸ್ತಿ ಇರುವ ನೀಸ್‌ನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮ್ಯಾಂಟಲ್‌ನ ಮುಖ್ಯ ಖನಿಜ ಆಲಿವಿನ್‌ನ ಒಂದು ಹರಳಿನಲ್ಲಂತೂ ಒಂದು ದಿಕ್ಕಿಗೆ 9.9, ಇನ್ನೊಂದಕ್ಕೆ 7.7. ಕೋರ್‌ನ ಎರಡೂ ತುದಿಗಳನ್ನು ಗಾಜಿನ ಮೇಲೆ ಕಾರ್ಬೊರಂಡಂ ಪುಡಿ ಹಾಕಿ ತಿಕ್ಕಿ ತಿಕ್ಕಿ ಸಮ ಮಾಡಬೇಕು. ಇಲ್ಲಿ ಆತುರ ಪಟ್ಟರೆ ಮುಂದಿನದೆಲ್ಲ ವ್ಯರ್ಥ.

ಮೊದಲ ತಿಂಗಳು ನನ್ನ ವೇಗಗಳೆಲ್ಲ ಕಡಿಮೆ ಬಂದವು. ಕಾರಣ ಸಣ್ಣದು. ಸದ್ದು ಕಲ್ಲನ್ನು ದಾಟುವ ಮೊದಲು ಟ್ರಾನ್ಸ್‌ಡ್ಯೂಸರ್, ವೈರು ಎಲ್ಲ ದಾಟಬೇಕು. ಅದಕ್ಕೆ ನಮ್ಮ ಉಪಕರಣದಲ್ಲಿ 0.4 ಮೈಕ್ರೋಸೆಕೆಂಡ್ ಹಿಡಿಯುತ್ತಿತ್ತು. 50 ಮಿ.ಮೀ. ಕೋರ್ ದಾಟಲು ಬೇಕಾದದ್ದೇ 8 ಮೈಕ್ರೋಸೆಕೆಂಡ್. ಕಳೆಯಲು ಮರೆತರೆ 6.25 ಇರಬೇಕಾದ ಜಾಗದಲ್ಲಿ 5.95 ಬರುತ್ತದೆ. ಅಷ್ಟು ವ್ಯತ್ಯಾಸ ಸಾಕು, ನೀವು ಬೇರೆ ಕಲ್ಲಿನ ಹೆಸರೇ ಹೇಳಿಬಿಡುತ್ತೀರಿ. ಅವತ್ತಿನಿಂದ ಬೆಳಿಗ್ಗೆ ಬೇರೆ ಬೇರೆ ಉದ್ದದ ಅಲ್ಯೂಮಿನಿಯಂ ತುಂಡುಗಳನ್ನು ಅಳೆದು, ಉದ್ದ ಸೊನ್ನೆಯಾದರೆ ಎಷ್ಟು ಸಮಯ ಉಳಿಯುತ್ತದೆ ಎಂದು ನೋಡಿಕೊಂಡೇ ಕೆಲಸ ಶುರು ಮಾಡುತ್ತೇನೆ.

ನಿಜವಾದ ಕಷ್ಟ ಇರುವುದು ಒತ್ತಡದಲ್ಲಿ. ಕಬ್ಬಾಳದುರ್ಗದ ಚಾರ್ನೊಕೈಟ್ ಮೇಜಿನ ಮೇಲೆ 5.3 ತೋರಿಸಿತು. ಆಳದ ಕಲ್ಲಿಗೆ ಇದು ತೀರಾ ಕಡಿಮೆ. ಕಲ್ಲು ಮೇಲೆ ಬರುವಾಗ ಒತ್ತಡ ಕಳೆದುಕೊಂಡು ಒಳಗೆಲ್ಲ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ತರಂಗ ಪ್ರತಿ ಬಿರುಕಿನಲ್ಲೂ ತಡವರಿಸುತ್ತದೆ. ಆ ಬಿರುಕುಗಳನ್ನು ಮತ್ತೆ ಮುಚ್ಚಬೇಕು. ಕೋರ್‌ಗೆ ತೆಳು ತಾಮ್ರದ ಹಾಳೆ ಸುತ್ತಿ, ಬೆಸುಗೆ ಹಾಕಿ, ಎಣ್ಣೆ ತುಂಬಿದ ಉಕ್ಕಿನ ಪಾತ್ರೆಯೊಳಗೆ ಇಟ್ಟು ಒತ್ತಡ ಏರಿಸುತ್ತಾ ಹೋಗುತ್ತೇವೆ. 1960ರ ಸುಮಾರಿಗೆ ಹಾರ್ವರ್ಡ್‌ನಲ್ಲಿ ಫ್ರಾನ್ಸಿಸ್ ಬರ್ಚ್ 10 ಕಿಲೋಬಾರ್‌ವರೆಗೆ ಹೀಗೆ ಅಳೆದು ದಾರಿ ಹಾಕಿಕೊಟ್ಟರು. ನಾವು 6 ಕಿಲೋಬಾರ್‌ವರೆಗೆ ಹೋಗುತ್ತೇವೆ, ಅಂದರೆ ಸುಮಾರು 22 ಕಿ.ಮೀ. ಆಳದ ಭಾರ. ವೇಗ ಮೊದಲು ಸರಸರನೆ ಏರುತ್ತದೆ. 2-3 ಕಿಲೋಬಾರ್ ಹೊತ್ತಿಗೆ ಗ್ರಾಫ್ ಬಾಗಿ ನಿಧಾನದ ನೇರ ಗೆರೆಯಾಗುತ್ತದೆ. ಬಿರುಕು ಮುಚ್ಚಿದ್ದು ಅಲ್ಲೇ ಗೊತ್ತಾಗುವುದು. ನನ್ನ ಕಲ್ಲು ಕೊನೆಗೆ 6.35ಕ್ಕೆ ಬಂದು ನಿಂತಿತು. ಒತ್ತಡ ಇಳಿಸುವಾಗಲೂ ರೀಡಿಂಗ್ ತೆಗೆದುಕೊಳ್ಳಿ ಎಂದು ಹೊಸಬರಿಗೆ ಹೇಳುತ್ತೇನೆ. ಇಳಿಯುವ ಗೆರೆಯನ್ನೇ ನಾನು ಹೆಚ್ಚು ನಂಬುವುದು.

ಒಂದು ಸಲ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದು ಎಣ್ಣೆ ಒಳಗೆ ನುಗ್ಗಿತು. ಗ್ರಾಫ್ ಏರುವುದನ್ನೇ ನಿಲ್ಲಿಸಿತು. ಬಿರುಕಿನೊಳಗೇ ಎಣ್ಣೆ ಒತ್ತುತ್ತಿದ್ದರೆ ಅದು ಮುಚ್ಚುವುದಾದರೂ ಹೇಗೆ? ಎರಡು ವಾರದ ಕೋರ್ ಹೋಯಿತು, ತುಂಬಾ ಬೇಜಾರಾಯಿತು.

ಮ್ಯಾಂಟಲ್‌ನಂಥ ಕಲ್ಲು ಬೇಕೆಂದು ಮೈಸೂರಿನ ಹತ್ತಿರದ ದೊಡ್ಡಕನ್ಯದಿಂದ ಡ್ಯುನೈಟ್ ತಂದೆ. ಇದು ಮ್ಯಾಂಟಲ್‌ನಿಂದಲೇ ನೇರವಾಗಿ ಬಂದ ತುಂಡಲ್ಲ. ಆದರೆ ಬಹುಪಾಲು ಆಲಿವಿನ್ ಇರುವ ಕಲ್ಲು. 8ಕ್ಕೂ ಜಾಸ್ತಿ ಬರಬೇಕಿತ್ತು. ಪೂರ್ತಿ ಒತ್ತಡದಲ್ಲೂ 6.6 ಬಂತು. ಬೆಸುಗೆ ನೋಡಿದೆ, ಅಲ್ಯೂಮಿನಿಯಂ ಅಳೆದೆ, ಎಲ್ಲ ಸರಿ ಇತ್ತು. ಕೊನೆಗೆ ನೀರಿನಲ್ಲಿ ತೂಗಿ ಸಾಂದ್ರತೆ ತೆಗೆದಾಗ 3.3ರ ಬದಲು 2.93. ಆಲಿವಿನ್‌ನಲ್ಲಿ ಅರ್ಧದಷ್ಟು ಭಾಗ ನೀರು ಕುಡಿದು ಸರ್ಪೆಂಟೈನ್ ಎಂಬ ಹಗುರ ಖನಿಜವಾಗಿತ್ತು. ತೆಳು ಪದರ ಮಾಡಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಪ್ರತಿ ಹರಳಿನ ಸುತ್ತಲೂ ಜೇಡರ ಬಲೆ ಹೆಣೆದಂತೆ ಸರ್ಪೆಂಟೈನ್ ಎಳೆಗಳು. ಬಿರುಕನ್ನು ಒತ್ತಡ ಮುಚ್ಚುತ್ತದೆ, ಇದನ್ನು ಮುಚ್ಚುವುದಿಲ್ಲ. ಈಗ ನಾನು ಸಾಂದ್ರತೆ ನೋಡದೆ ಯಾವ ಕಲ್ಲಿಗೂ ತಾಮ್ರ ಸುತ್ತುವುದಿಲ್ಲ.

ಜೇನುತುಪ್ಪದ ಉಪಯೋಗ ಪೂರ್ತಿ ಅರ್ಥವಾದದ್ದೂ ಈ ಡ್ಯುನೈಟ್‌ನಿಂದಲೇ. 6.6 ಎಂಬ ಪಿ ವೇಗ ಒಂದು ಚಿಪ್ಪಿನ ಕಲ್ಲಿಗೂ ಇರಬಹುದು. ಪಿ ವೇಗವನ್ನು ಎಸ್ ವೇಗದಿಂದ ಭಾಗಿಸಿದಾಗ ಗುಟ್ಟು ಹೊರಬೀಳುತ್ತದೆ. ಕ್ವಾರ್ಟ್ಸ್ ಜಾಸ್ತಿ ಇದ್ದರೆ ಈ ಸಂಖ್ಯೆ 1.7ರ ಆಸುಪಾಸು, ಸರ್ಪೆಂಟೈನ್ ಜಾಸ್ತಿಯಾದ ಹಾಗೆ 2ರ ಕಡೆಗೆ ಹೋಗುತ್ತದೆ.

ಆದರೂ ಒಂದು ಜೋಡಿ ನನ್ನನ್ನು ಬಿಡದೆ ಕಾಡುತ್ತಿದೆ. ನಾರ್ವೆಯಿಂದ ಬಂದ ಒಂದು ಎಕ್ಲೊಗೈಟ್ ನಮ್ಮಲ್ಲಿದೆ, ಕೆಂಪು ಗಾರ್ನೆಟ್, ಹಸಿರು ಪೈರಾಕ್ಸೀನ್. ಅದು ಚಿಪ್ಪಿನ ಕಲ್ಲೇ ಆಳಕ್ಕಿಳಿದು ಬದಲಾದದ್ದು. ಅದರ ವೇಗವೂ 8ರ ಹತ್ತಿರ, ಶುದ್ಧ ಮ್ಯಾಂಟಲ್ ಕಲ್ಲಿನಷ್ಟೇ. ಸಾಂದ್ರತೆ ಮಾತ್ರ 3.5. ಅಂದರೆ ತರಂಗಗಳು ತೋರಿಸುವ ಮೋಹೊ ಗೆರೆ, ಚಿಪ್ಪಿನ ಕಲ್ಲು ನಿಜವಾಗಿ ಮುಗಿಯುವ ಜಾಗವೇ ಆಗಬೇಕೆಂದಿಲ್ಲ. ಭೂವಿಜ್ಞಾನಿಗಳು ಪಶ್ಚಿಮ ಧಾರವಾಡ ಎಂದು ಕರೆಯುವ, ಕರ್ನಾಟಕದ ಪಶ್ಚಿಮದ ಹಳೆಯ ಕಲ್ಲಿನ ಭಾಗದಲ್ಲಿ ಚಿಪ್ಪಿನ ದಪ್ಪ 40ರಿಂದ 50 ಕಿ.ಮೀ. ಎನ್ನುತ್ತಾರೆ. ಅದರ ತಳದಲ್ಲಿ ಗಾರ್ನೆಟ್ ಎಷ್ಟಿದೆ ಎನ್ನುವುದರ ಮೇಲೆ ಆ ಲೆಕ್ಕ ನಿಂತಿದೆ. ಗುಂಡ್ಲುಪೇಟೆ ಕಡೆಯ ಗಾರ್ನೆಟ್ ಗ್ರ್ಯಾನುಲೈಟ್ ಎಂಬ ಆಳದ ಕಲ್ಲಿನ ಮೂರು ಕೋರ್‌ಗಳು ಈಗ ಓವನ್‌ನಲ್ಲಿ ಒಣಗುತ್ತಿವೆ. ಸಾಂದ್ರತೆ 3.1 ಬಂದಿದೆ. ಸೋಮವಾರ ತಾಮ್ರ ಸುತ್ತುತ್ತೇನೆ.