ಹಳೆ ಟ್ರಾವೆಲರ್‌ಗೆ ಡೀಸೆಲ್ ಇಳಿಯದೆ ಗನ್ ಕಟ್ ಆಗುತ್ತಿದ್ದರೆ: ನಾನು ಸರಿಮಾಡಿಕೊಂಡ ಬಗೆ

ಮೈಸೂರು, ಮಂಡ್ಯ ಕಡೆ ಹಳೆ ವ್ಯಾನ್ ತೆಗೆದುಕೊಂಡು ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಕೂರಿಸಿಕೊಂಡವರಿಗೆ ಈ ಕಾಟ ಗೊತ್ತಿರುತ್ತದೆ. ಬಂಕ್‌ನಲ್ಲಿ ಗನ್ ಒತ್ತಿದ ಕೂಡಲೇ ಟಕ್ ಎಂದು ಕಟ್. ಮತ್ತೆ ಒತ್ತಿದರೆ ಮತ್ತೆ ಕಟ್. ಕೊನೆಗೆ ಹುಡುಗ ಸಣ್ಣಗೆ ಬಿಡುತ್ತಾ ನಿಲ್ಲುತ್ತಾನೆ, ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಕಾಯುತ್ತಿರುತ್ತದೆ. ನನ್ನದು ಡೀಸೆಲ್ ಟ್ರಾವೆಲರ್, ಬಜಾಜ್ ಟೆಂಪೋ 2005ರಲ್ಲಿ ಫೋರ್ಸ್ ಮೋಟರ್ಸ್ ಆಗುವುದಕ್ಕೂ ಹಿಂದಿನದು. ಆದರೆ ಕೆಳಗೆ ಬರೆದದ್ದು ಬಹುಮಟ್ಟಿಗೆ ಎಲ್ಲ ಹಳೆ ವ್ಯಾನಿಗೂ ಹೊಂದುತ್ತದೆ.

ಗನ್ ಮೂತಿಯ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಡೀಸೆಲ್ ಹರಿಯುವಾಗ ಅದರ ಮೂಲಕ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಡೀಸೆಲ್ ಮೇಲೇರಿ ಆ ತೂತು ಮುಚ್ಚಿದ ಕ್ಷಣ ಒಳಗಿನ ಡಯಾಫ್ರಮ್ (ತೆಳು ಪೊರೆ) ಎಳೆತಕ್ಕೆ ಸಿಕ್ಕಿ ಗನ್ನಿನ ಕುದುರೆ ಬಿಡುತ್ತದೆ. ಟ್ಯಾಂಕ್ ಖಾಲಿ ಇದ್ದೂ ಕಟ್ ಆದರೆ ಡೀಸೆಲ್ ಫಿಲ್ಲರ್ ನೆಕ್‌ನಲ್ಲೇ, ಅಂದರೆ ಗನ್ ತೂರಿಸುವ ಬಾಯಿಯ ಕೊಳವೆಯಲ್ಲೇ, ನಿಂತಿದೆ ಎಂದರ್ಥ. ನಾಲೆಯಲ್ಲಿ ಬಿಂದಿಗೆ ಅದ್ದಿದಾಗ ಗುಳುಗುಳು ಎನ್ನುವುದೂ ಇದೇ ಲೆಕ್ಕ: ಒಳಗಿನ ಗಾಳಿಗೆ ಬೇರೆ ದಾರಿ ಇಲ್ಲ.

ಲೆಕ್ಕವನ್ನೇ ಹಾಕಿ ನೋಡಿ. ಗನ್ ನಿಮಿಷಕ್ಕೆ 40 ಲೀಟರ್ ಬಿಟ್ಟರೆ 40 ಲೀಟರ್ ಗಾಳಿಯೂ ಹೊರಗೆ ಬರಬೇಕು. ಆ ಗಾಳಿಯನ್ನು ಟ್ಯಾಂಕಿನಿಂದ ನೆಕ್‌ಗೆ ತರುವ ಸಣ್ಣ ಬ್ರೀದರ್ ಪೈಪಿನ ಒಳವ್ಯಾಸ 10 ಮಿ.ಮೀ. ಇದ್ದರೆ ಗಾಳಿ ಸೆಕೆಂಡಿಗೆ ಸುಮಾರು 8.5 ಮೀಟರ್ ವೇಗದಲ್ಲಿ ಸುಲಭವಾಗಿ ಹೋಗುತ್ತದೆ. ಅದೇ ಪೈಪ್ ಅಪ್ಪಚ್ಚಿಯಾಗಿ 5 ಮಿ.ಮೀ.ಗೆ ಇಳಿದರೆ ವೇಗ ನಾಲ್ಕು ಪಟ್ಟು, ತಡೆ ಸುಮಾರು ಹದಿನಾರು ಪಟ್ಟು. ಅದಕ್ಕಿಂತ ಕೆಟ್ಟದ್ದು ಪೈಪ್ ಜೋತುಬಿದ್ದು ಹೊಟ್ಟೆ ಮಾಡಿಕೊಂಡಿರುವುದು. ಆ ಹೊಟ್ಟೆಯಲ್ಲಿ ಡೀಸೆಲ್ ಕೂತುಬಿಡುತ್ತದೆ. ಅದನ್ನು ತಳ್ಳಿ 15 ಸೆಂ.ಮೀ. ಮೇಲೆ ಎತ್ತಬೇಕಾದರೆ ನೆಕ್‌ನಲ್ಲೂ 15 ಸೆಂ.ಮೀ. ಡೀಸೆಲ್ ನಿಲ್ಲಬೇಕು. ಅಷ್ಟರಲ್ಲಿ ಗನ್ ಕಟ್ ಆಗಿರುತ್ತದೆ. ಮಂಚದ ಆಂಗಲ್ ಫ್ರೇಮ್ ಕೂರಿಸಿದವರು, ನೀರಿನ ಟ್ಯಾಂಕ್ ಕಟ್ಟಿದವರು ಪೈಪನ್ನು ಪಕ್ಕಕ್ಕೆ ಸರಿಸಿ ಬಿಟ್ಟಿರುತ್ತಾರೆ. ಕ್ಯಾಂಪರ್ ಮಾಡಿಸಿದ ಗಾಡಿಯಲ್ಲಿ ನಾನು ಮೊದಲು ಅಲ್ಲೇ ಕೈ ಹಾಕುವುದು.

ಅದಕ್ಕೂ ಮುಂಚೆ ಬಂಕಿನ ಗನ್ನೇ ಕೆಟ್ಟಿದೆಯೇ ನೋಡಿಕೊಳ್ಳಿ. ಬಂಕ್‌ನಲ್ಲಿ 5 ಲೀಟರಿನ ಮುದ್ರೆ ಒತ್ತಿದ ಅಳತೆ ಪಾತ್ರೆ ಇರುತ್ತದೆ, ಗ್ರಾಹಕ ಕೇಳಬಹುದು. ತೆರೆದ ಪಾತ್ರೆಗೂ ನಡುವೆ ಕಟ್ ಆದರೆ ದೋಷ ನಿಮ್ಮ ಗಾಡಿಯದಲ್ಲ. ಮೂತಿಯನ್ನು ಮೂರ್ನಾಲ್ಕು ಸೆಂ.ಮೀ. ಹೊರಗೆಳೆದು ಅಥವಾ ಕಾಲು ಸುತ್ತು ತಿರುಗಿಸಿ ಹಿಡಿದರೆ ಚೆನ್ನಾಗಿ ಇಳಿಯುತ್ತದೆಯೇ? ಹಾಗಿದ್ದರೆ ಡೀಸೆಲ್ ನೆಕ್‌ನ ತಿರುವಿಗೆ ಬಡಿದು ವಾಪಸ್ ಚಿಮ್ಮುತ್ತಿದೆ. ಕಳ್ಳರ ಭಯಕ್ಕೆ ನೆಕ್‌ನಲ್ಲಿ ಜಾಲರಿ ಹಾಕಿಸಿದ್ದರೂ ಹೀಗೇ ಆಗುತ್ತದೆ. ಜಾಲರಿ ತೆಗೆದು ತೊಳೆದರೆ ಕೆಲಸ ಮುಗಿಯಿತು. ಮುಚ್ಚಳ ಬದಲಾಯಿಸಿ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಡೀಸೆಲ್ ಹಾಕುವಾಗ ಮುಚ್ಚಳ ಕೈಯಲ್ಲೇ ಇರುತ್ತದಲ್ಲ! ಮುಚ್ಚಳದ ತೂತು ಕಟ್ಟಿದರೆ ಓಡುವಾಗ ಇಂಜಿನ್ ಹಸಿದು ನಿಲ್ಲುತ್ತದೆ, ಮುಚ್ಚಳ ಬಿಚ್ಚಿದಾಗ ಬುಸ್ ಎನ್ನುತ್ತದೆ. ಅದು ಬೇರೆ ರೋಗ.

ಈಗ ಪರೀಕ್ಷೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರುವಾಗ, ಸಮತಟ್ಟಾದ ಬಯಲಲ್ಲಿ, ಗ್ಯಾಸ್ ಸಿಲಿಂಡರ್ ಮುಚ್ಚಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬ್ರೀದರ್ ಪೈಪನ್ನು ನೆಕ್ ಕಡೆಯಿಂದ ಬಿಚ್ಚಿ, ತುದಿಯನ್ನು ನೆಕ್‌ಗಿಂತ ಎತ್ತರಕ್ಕೆ ಕಟ್ಟಿ, ನೆಕ್‌ನ ಸಣ್ಣ ಕವಲಿಗೆ ಬಿರಡೆ ಹಾಕಿ. ಫನಲ್ ಇಟ್ಟು ಕ್ಯಾನ್‌ನಿಂದ 5 ಲೀಟರ್ ಒಂದೇ ಸಮ ಸುರಿಯಿರಿ, ಒಬ್ಬರು ಪೈಪಿನ ತುದಿಯನ್ನು ಮುಚ್ಚದೆ ಅದರೆದುರು ಬೆರಳು ಹಿಡಿದಿರಲಿ. ಬೆರಳಿಗೆ ಗಾಳಿ ಬಡಿಯದೆ ಡೀಸೆಲ್ ಫನಲ್‌ನಲ್ಲಿ ನಿಂತರೆ ಬ್ರೀದರ್ ಕಟ್ಟಿದೆ. ಗಾಳಿ ಬರುತ್ತಿದ್ದೂ ನಿಂತರೆ ನೆಕ್‌ನಿಂದ ಟ್ಯಾಂಕಿಗೆ ಇಳಿಯುವ ದೊಡ್ಡ ಹೋಸನ್ನು ನೋಡಬೇಕು. ಬ್ರೀದರ್‌ಗೆ ಸೈಕಲ್ ಪಂಪ್‌ನಿಂದ ನಿಧಾನ ಊದಿದರೆ ಸಾಕು. ಗುಳುಗುಳು ಸದ್ದು ಬಂದರೆ ಪೈಪಿನ ಹೊಟ್ಟೆಯಲ್ಲಿ ಡೀಸೆಲ್ ಇದೆ, ಇಲ್ಲವೇ ಅದರ ಒಳತುದಿ ಡೀಸೆಲ್‌ನಲ್ಲಿ ಮುಳುಗಿದೆ. ಕಂಪ್ರೆಸರ್ ಹಚ್ಚಬೇಡಿ, ಹಳೆ ಟ್ಯಾಂಕಿನ ಬೆಸುಗೆ ಬಿಡುತ್ತದೆ.

ದೊಡ್ಡ ಫಿಲ್ಲರ್ ಹೋಸ್ ಹೊರಗೆ ಹೊಸದರಂತೆ ಕಂಡರೂ ಒಳಪದರ ಎದ್ದು ನಾಲಿಗೆಯಂತೆ ಇಳಿಬಿದ್ದಿರಬಹುದು. ಬಿಚ್ಚಿ ಟಾರ್ಚ್ ಹಾಕಿ ನೋಡದೆ ಇದು ಗೊತ್ತಾಗುವುದಿಲ್ಲ. ಬದಲಾಯಿಸುವಾಗ ರೇಡಿಯೇಟರ್ ಹೋಸ್ ಹಾಕಿಕೊಡುತ್ತೇನೆ ಎಂದರೆ ಬೇಡ ಎನ್ನಿ. ಅದರ ರಬ್ಬರ್ ಸಾಮಾನ್ಯವಾಗಿ ಇಪಿಡಿಎಂ ಎಂಬ ಬಗೆಯದು, ಡೀಸೆಲ್‌ಗೆ ಊದಿಕೊಂಡು ಮೆತ್ತಗಾಗುತ್ತದೆ. ಮೇಸ್ತ್ರಿಗಳ ಲೆವೆಲ್ ಪೈಪ್ ಗಟ್ಟಿಯಾಗಿ ಸೀಳುತ್ತದೆ. ನೈಟ್ರೈಲ್ ರಬ್ಬರಿನ ಇಂಧನ ಹೋಸ್ ಕೇಳಿ, ಮೇಲೆ ಇಂಧನ ಹೋಸಿನ ಗುಣಮಟ್ಟದ ಗುರುತು ಎಸ್‌ಎಇ ಜೆ30 ಆರ್6 (SAE J30 R6) ಎಂದು ಅಚ್ಚಿದ್ದರೆ ಒಳ್ಳೆಯದು. ಅಳತೆಗೆ ಹಳೆ ತುಂಡನ್ನೇ ಅಂಗಡಿಗೆ ಒಯ್ಯಿರಿ.

ಕೂರಿಸುವಾಗ ಫಿಲ್ಲರ್ ಹೋಸ್ ನೆಕ್‌ನಿಂದ ಟ್ಯಾಂಕಿಗೆ ಎಲ್ಲೂ ಏರದೆ ಇಳಿಯಬೇಕು, ಬ್ರೀದರ್ ಟ್ಯಾಂಕಿನಿಂದ ನೆಕ್‌ಗೆ ಎಲ್ಲೂ ಇಳಿಯದೆ ಏರಬೇಕು. ಬ್ರೀದರ್‌ಗೆ 20–25 ಸೆಂ.ಮೀ.ಗೆ ಒಂದು ರಬ್ಬರ್ ಸುತ್ತಿದ ಕ್ಲಿಪ್ ಹಾಕಿದ್ದೇನೆ. ಹೆಚ್ಚುವರಿ ಉದ್ದ ಸುರುಳಿ ಸುತ್ತಿಡದೆ ಕತ್ತರಿಸಿ. ಸೈಲೆನ್ಸರ್‌ನಿಂದ ದೂರ ಇಡಿ.

ಕಾಲು ಟ್ಯಾಂಕಿನವರೆಗೆ ಸರಿ ಇಳಿದು ಅರ್ಧದಿಂದಾಚೆ ನಿಧಾನವಾದರೆ ಟ್ಯಾಂಕ್ ಓರೆಯಾಗಿ ಕೂತು ಬ್ರೀದರ್‌ನ ಒಳತುದಿ ಬೇಗ ಮುಳುಗುತ್ತಿರಬಹುದು. ಟ್ಯಾಂಕಿನ ಪಟ್ಟಿ, ಅದರಡಿಯ ರಬ್ಬರ್ ನೋಡಿ.

ಮುಗಿದ ಮೇಲೆ ಬಂಕ್‌ನಲ್ಲಿ ಪೂರ್ತಿ ಒತ್ತಿ 20 ಲೀಟರ್ ಹಾಕಿಸಿ. ನಿಮಿಷಕ್ಕೆ 40 ಲೀಟರಿನ ಗನ್ ಆದರೆ ಅರ್ಧ ನಿಮಿಷ. ಲಾರಿಗಳ ಜೋರು ಗನ್ ಇದ್ದರೆ ಅದಕ್ಕೆ ಕೊಡಬೇಡಿ, ಸರಿಯಿರುವ ಗಾಡಿಯಲ್ಲೂ ಅದು ಕಟ್ ಆಗಬಹುದು. ಕಟ್ ಆದಮೇಲೆ ನೊರೆ ಇಳಿಸಿ ಇಳಿಸಿ ತುಂಬಿಸುವುದೂ ಬೇಡ: ನೆಲದಡಿಯ ತಂಪಿನ 60 ಲೀಟರ್ ಡೀಸೆಲ್ 15 ಡಿಗ್ರಿ ಕಾದರೆ ಸುಮಾರು ಮುಕ್ಕಾಲು ಲೀಟರ್ ಹಿಗ್ಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಆವಿ ಹಿಡಿಯುವ ಇದ್ದಿಲ ಡಬ್ಬಿ (ಕ್ಯಾನಿಸ್ಟರ್) ಇದ್ದರೆ ಅದೂ ನೆನೆದು ಹಾಳಾಗುತ್ತದೆ. ಹೊರಡುವ ಮುನ್ನ ಫಿಲ್ಲರ್ ಹೋಸಿನ ಎರಡೂ ತುದಿಯ ಬಿಗಿ ಕ್ಲಿಪ್‌ಗಳ ಕೆಳಗೆ ಒಣ ಬಟ್ಟೆ ಒತ್ತಿ ನೋಡಿ, ಜಿನುಗಿದ್ದರೆ ಕ್ಲಿಪ್ ಇನ್ನೊಂದು ಕಾಲು ಸುತ್ತು.