ವೆಡೇಲಿಯಾ ಕಿತ್ತು ಒಂದೆಲಗ ಉಳಿಸಿಕೊಂಡಿದ್ದು

ಶಿರಸಿ ಕಡೆ ಈಗ ರಸ್ತೆಯ ಧರೆ, ಅಂಗಳದ ಅಂಚು, ಎಲ್ಲಿ ನೋಡಿದರೂ ಒಂದು ಹಳದಿ ಹೂವಿನ ಬಳ್ಳಿ. ನರ್ಸರಿಯವರು ವೆಡೇಲಿಯಾ ಅನ್ನುತ್ತಾರೆ. ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದು. ಮೂಲ ಅಮೆರಿಕದ ಉಷ್ಣವಲಯ. ಧರೆ ಕುಸಿಯದಿರಲಿ ಅಂತ ನೆಡುತ್ತಾರೆ, ಆದರೆ ಅದು ನೆಟ್ಟಲ್ಲಿ ನಿಲ್ಲುವುದಿಲ್ಲ. ಲೋಕದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಇದೂ ಇದೆ.

ನಮ್ಮಲ್ಲಿ ಮಳೆನೀರಿನ ಜೊತೆ ಇಳಿದು ಅಡಿಕೆ ತೋಟದ ಬಸಿಗಾಲುವೆ ಸೇರಿತ್ತು. ಅದರ ಬದಿಯೇ ಒಂದೆಲಗದ ಜಾಗ. ಬೇಸಿಗೆಯಲ್ಲಿ ತಂಬುಳಿಗೆ ಅಲ್ಲಿಂದಲೇ ಕೊಯ್ಯುವುದು. ಬಳ್ಳಿ ದಪ್ಪಗೆ ಮುಚ್ಚಿ ಕೆಳಗೆ ಬೆಳಕೇ ಇಲ್ಲ. ಒಂದೆಲಗ ಬಿಳಚಿಕೊಂಡಿದ್ದು ನೋಡಿ ಹೊಟ್ಟೆ ಉರಿಯಿತು.

ಕೀಳುವ ಮೊದಲು ಒಂದು ಬಳ್ಳಿ ಎತ್ತಿ ನೋಡಿ. ಎಲೆಗಳು ಜೋಡಿ ಜೋಡಿ. ಮೇಲೆ ಹೊಳಪು, ಅಂಚಿನಲ್ಲಿ ಮೂರು ಸೀಳು. ಜೋಡಿ ಎಲೆ ಹೊರಟ ಗಂಟು ನೆಲಕ್ಕೆ ತಾಗಿದರೆ ಸಾಕು, ಅಲ್ಲೇ ಬೇರು. ಬೀಜಕ್ಕಿಂತ ಈ ಗಂಟಿನಿಂದಲೇ ಜಾಸ್ತಿ ಹಬ್ಬುವುದು. ಅದಕ್ಕೇ ಕಳೆ ಕತ್ತರಿಸುವ ಮಷಿನ್ ಬೇಡವೇ ಬೇಡ. ಗಂಟಿರುವ ಒಂದೊಂದು ತುಂಡೂ ಹೊಸ ಗಿಡ ಆಗುತ್ತದೆ.

ನಾನು ದೀಪಾವಳಿ ಮುಗಿದ ಮೇಲೆ, ಅಡಿಕೆ ಕೊಯ್ಲಿಗೆ ಮೊದಲು ಹಿಡಿದೆ. ಮಳೆಗಾಲದಲ್ಲಿ ಕೀಳುವುದು ಸುಲಭ, ಆದರೆ ಕಿತ್ತದ್ದು ಒಣಗುವುದಿಲ್ಲ, ರಾಶಿಯಲ್ಲೇ ಮತ್ತೆ ಚಿಗುರುತ್ತದೆ. ದೀಪಾವಳಿ ಹೊತ್ತಿಗೆ ಮಣ್ಣು ಇನ್ನೂ ಹಸಿ, ಬಿಸಿಲೂ ಇರುತ್ತದೆ. ಕಾಲುವೆಯ ಮೇಲ್ಭಾಗದಿಂದ ಕೆಳಗೆ ಬನ್ನಿ. ಕೆಳತುದಿಗೆ ಬಿದಿರಿನ ತಟ್ಟಿ ಅಡ್ಡ ಇಡಿ, ತೇಲಿಹೋಗುವ ತುಂಡು ಅಲ್ಲಿ ಸಿಗುತ್ತದೆ. ಬಳ್ಳಿ ಎಳೆದರೆ ತುಂಡಾಗಿ ಕೈಗೆ ಬರುತ್ತದೆ, ಬೇರು ಒಳಗೇ ಉಳಿಯುತ್ತದೆ. ಒಂದೊಂದು ಗಂಟಿನ ಬುಡಕ್ಕೂ ಕತ್ತಿಯ ಮೊನೆ ಹಾಕಿ ಎಬ್ಬಿಸಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಕಿತ್ತದ್ದನ್ನು ಹಾಸುಬಂಡೆಯ ಮೇಲೆ ತೆಳ್ಳಗೆ ಹರವಿದೆ. ಕಡ್ಡಿ ಮುರಿದರೆ ಚಟ್ ಅನ್ನುವಷ್ಟು ಒಣಗಿದ ಮೇಲೇ ಗೊಬ್ಬರಗುಂಡಿಗೆ ಹಾಕಿದ್ದು. ಹಸಿಯಾಗಿ ಹಾಕಿದರೆ ಗೊಬ್ಬರದ ಜೊತೆ ತೋಟಕ್ಕೆಲ್ಲ ನಾವೇ ಹಂಚಿದ ಹಾಗೆ ಅಲ್ವಾ?

ಗದ್ದೆಯಂಚಿನ ಹಸಿ ಜಾಗದಲ್ಲಿ ನಮ್ಮದೇ ಹಳದಿ ಗರಗ ಇರುತ್ತದೆ. ಹೂವು ಹೆಚ್ಚುಕಡಿಮೆ ಹೀಗೇ, ಎಲೆ ಮಾತ್ರ ಉದ್ದ, ಸೀಳಿಲ್ಲ. ದಯವಿಟ್ಟು ಅದನ್ನು ಕೀಳಬೇಡಿ.

ಮುಂದಿನ ಮಳೆಗಾಲದವರೆಗೂ ಆಗಾಗ ಚಿಗುರು ಕಾಣಿಸುತ್ತಿತ್ತು. ಕಂಡಾಗಲೇ ಕಿತ್ತೆ. ಒಂದೆಲಗ ತಾನಾಗೇ ಹಬ್ಬಿಕೊಂಡಿತು. ಧರೆಗೆ ಈಗ ಲಾವಂಚ ನೆಟ್ಟಿದ್ದೇನೆ. ಅದರ ಬೇರು ನೇರ ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ, ಪಕ್ಕದವರ ತೋಟಕ್ಕೆ ಹರಿದು ಹೋಗುವುದಿಲ್ಲ.