ಅಮಾವಾಸ್ಯೆಗೊಮ್ಮೆ ಬಟನ್ ಫೋನಿಗೂ ಕೈ ಹಚ್ಚಿರಿ

ಮನೆಯಲ್ಲಿ ಆಪತ್ತಿಗೆ ಅಂತ ಒಂದು ಬಟನ್ ಫೋನ್ ಇರಲಿ ಅಂದರೆ ಈಗಿನ ಹುಡುಗರು "ಇದೆಯಲ್ಲ ಆಯಿ, ಡ್ರಾಯರಿನಲ್ಲಿ" ಅನ್ನುತ್ತಾರೆ. ತೆಗೆದು ನೋಡಿದರೆ ಬ್ಯಾಟರಿ ಉಬ್ಬಿದೆ, ಸಿಮ್ ಬಂದ್ ಆಗಿದೆ, ಚಾರ್ಜರ್ ಯಾರೋ ಒಯ್ದಿದ್ದಾರೆ. ಗುಂಡಿಗಳ ಮೇಲೆ ಕೂಸು ಕಚ್ಚಿದ ಗುರುತು ಬೇರೆ. ಆಟಕ್ಕೆ ಕೊಡಲು ಮನೆಯಲ್ಲಿ ಬೇರೆ ಏನೂ ಇರಲಿಲ್ವಾ?

ಕೊಳ್ಳುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುಂಡಿ ದೊಡ್ಡದಿರಲಿ, ಟಾರ್ಚ್ ಇರಲಿ, ಬ್ಯಾಟರಿ ಕೈಯಿಂದ ತೆಗೆಯಲು ಬರಲಿ. ಹಳೆಯ 2ಜಿ ಫೋನಿಗೆ ಜಿಯೋ ಸಿಮ್ ನಡೆಯುವುದಿಲ್ಲ, ಅದಕ್ಕೆ 4ಜಿ ಫೋನೇ ಬೇಕು. ಮನೆಯವರೆಲ್ಲರದೂ ಒಂದೇ ಕಂಪನಿಯ ಸಿಮ್ ಆಗಿದ್ದರೆ ಇದಕ್ಕೆ ಬೇರೆ ಕಂಪನಿಯದು ಹಾಕಿ. ಒಂದು ಸಿಗದಿದ್ದಾಗ ಇನ್ನೊಂದು ಸಿಕ್ಕೀತು. ಸಿಮ್ ಬದುಕಿರುವವರ ಹೆಸರಿನಲ್ಲಿರಲಿ. ತೀರಿಹೋದ ಮುತ್ಯಾನ ಹೆಸರಿನ ಸಿಮ್ಮನ್ನೇ ಇನ್ನೂ ನಡೆಸುವ ಮನೆಗಳಿವೆ. ಅದು ಕಳೆದರೆ ಹೊಸದು ತೆಗೆಸಲು ಮುತ್ಯಾ ಎದ್ದು ಬರುತ್ತಾನೇನು?

ರೀಚಾರ್ಜ್ ವಿಷಯದಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್, ಅದರ ನಿಯಮದ ಪ್ರಕಾರ 90 ದಿನ ಒಂದು ಕರೆಯೂ ಇಲ್ಲ, ಮೆಸೇಜೂ ಇಲ್ಲ, ಬ್ಯಾಲೆನ್ಸೂ 20 ರೂಪಾಯಿಗಿಂತ ಕಡಿಮೆ ಅಂದರೆ ಕಂಪನಿ ಆ ನಂಬರನ್ನು ಬಂದ್ ಮಾಡಬಹುದು. 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಮುಂದೂಡುತ್ತಾರೆ. ಆದರೆ ನಂಬರು ಉಳಿಯುವುದು ಬೇರೆ, ಕರೆ ಹೋಗುವುದು ಬೇರೆ. ಪ್ಯಾಕ್ ಮುಗಿದಿದ್ದರೆ ನಡುರಾತ್ರಿ ಮಗನಿಗೆ ಫೋನು ಹೋಗುವುದಿಲ್ಲ. ಬಂದ್ ಆದ ನಂಬರು ಆಮೇಲೆ ಬೇರೆ ಯಾರಿಗೋ ಸೇರುತ್ತದೆ. ಬ್ಯಾಂಕಿಗೆ ಅದೇ ನಂಬರು ಕೊಟ್ಟಿದ್ದರೆ ಒಟಿಪಿಯೂ ಅವರಿಗೇ ಹೋಗುತ್ತದೆ. ಡಾಟಾ ಇಲ್ಲದ, ಬರೀ ಮಾತು ಮತ್ತು ಮೆಸೇಜಿನ ಪ್ಯಾಕ್ ಇಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ಕಂಪನಿಗಳಿಗೆ ಹೇಳಿದೆ. ಅದರ ಅವಧಿ 365 ದಿನದವರೆಗೂ ಇರಬಹುದು. ಅಂಗಡಿಯವನು ತಾನಾಗಿ ಹೇಳುವುದಿಲ್ಲ, ನೀವೇ ಬಾಯಿಬಿಟ್ಟು ಕೇಳಬೇಕು. ಇಂಟರ್ನೆಟ್ಟೇ ನೋಡದ ಫೋನಿಗೆ ದಿನಾ ಎರಡು ಜಿಬಿ ಹಾಕಿಸಿಕೊಂಡು ಬಂದ ನಮ್ಮ ಸೊಸೆಗೆ ಏನನ್ನಲಿ!

ದುಡ್ಡಿನ ಬೆಲೆ ನಮಗೆ ಗೊತ್ತು. 2003ರ ಮೇ ತಿಂಗಳಿಗೆ ಮುಂಚೆ ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತಿತ್ತು. ಫೋನು ಬಡಿದುಕೊಂಡರೆ ನಮ್ಮ ಮನೆಯವರು ನಂಬರು ನೋಡಿ ಕಟ್ ಮಾಡಿ, ಸೂಪರ್ ಮಾರ್ಕೆಟ್ ಹತ್ತಿರದ ಎಸ್‌ಟಿಡಿ ಬೂತಿಗೆ ಹೋಗಿ ತಿರುಗಿ ಮಾಡುತ್ತಿದ್ದರು. ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಬೂತಿನ ಮುಂದೆ ಪಾಳಿ ಹಚ್ಚುವುದು!

ಈಗ ನನ್ನ ಪದ್ಧತಿ ಹೇಳುತ್ತೇನೆ. ಇದನ್ನು ಯಾರು ನಕ್ಕರೂ ಬಿಡುವುದಿಲ್ಲ. ನಮ್ಮ ಕಡೆ ಅಮಾವಾಸ್ಯೆ ಯಾರಿಗೂ ಮರೆಯುವುದಿಲ್ಲ. ಮನೆ ಸಾರಿಸಿ, ಗಾಡಿ ತೊಳೆದು, ಕಾಯಿ ಒಡೆಯುವ ದಿನ. ಪೂಜೆ ಮುಗಿದ ಮೇಲೆ, ಒಲೆ ಹತ್ತಿಸುವ ಮುಂಚೆ, ಬಟನ್ ಫೋನು ಹೊರಗೆ ತೆಗೆಯಬೇಕು. ಒದ್ದೆ ಕೈಯಲ್ಲಿ ಮುಟ್ಟಬಾರದು. ಹಿಂದಿನ ಮುಚ್ಚಳ ಬಿಚ್ಚಿ ಬ್ಯಾಟರಿ ಹೊರಗೆ ತೆಗೆಯಿರಿ. ಅದನ್ನು ಸಮನಾದ ಕಲ್ಲಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ ನೋಡಿ. ಬುಗುರಿಯ ಹಾಗೆ ಗರಗರ ತಿರುಗಿದರೆ ಹೊಟ್ಟೆ ಉಬ್ಬಿದೆ ಅಂತ ತಿಳಿಯಿರಿ. ಅಂಥದ್ದನ್ನು ಮತ್ತೆ ಹಾಕಬಾರದು, ಚುಚ್ಚಲೂಬಾರದು, ಒಲೆಗೆ ಎಸೆಯಲೇಬಾರದು. ಚೆನ್ನಾಗಿದ್ದರೆ ಅದರ ಹಿತ್ತಾಳೆ ಬಣ್ಣದ ಪಟ್ಟಿಗಳನ್ನು ಹಳೆಯ ಧೋತರದ ಮೆತ್ತನೆಯ ಒಣ ಚಿಂದಿಯಿಂದ ಒರೆಸಿ. ಕಪ್ಪು ಹಿಡಿದಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಉದುರಿದ ಪುಡಿ ಊದಿಬಿಡಿ. ಎಣ್ಣೆ, ನೀರು, ಉಗುಳು ಏನೂ ಬೇಡ. ಉಗುಳು ಹಚ್ಚುವವರನ್ನೂ ನೋಡಿದ್ದೇನೆ, ಅದಕ್ಕೇ ಹೇಳಿದೆ.

ಆಮೇಲೆ ಹಾಕಿ, ಶುರು ಮಾಡಿ, ಸಿಗ್ನಲ್ ಬರುವ ತನಕ ಕಾಯಿರಿ. ಮನೆಯಲ್ಲಿ ಯಾರಿಗಾದರೂ ಕರೆ ಮಾಡಿ. ಮಿಸ್ಡ್ ಕಾಲ್ ಅಲ್ಲ, ಅವರು ಎತ್ತಬೇಕು, ನೀವು ನಾಕು ಮಾತಾಡಬೇಕು. ಆಗಲೇ ಮೈಕು, ಸ್ಪೀಕರು ಎರಡೂ ಸರಿ ಇವೆಯೋ ಇಲ್ಲವೋ ಗೊತ್ತಾಗುತ್ತದೆ, ಆ 90 ದಿನದ ಲೆಕ್ಕವೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ಯಾಕಿನ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಇಲ್ಲೊಂದು ಸೂಕ್ಷ್ಮ ಇದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29 ಇಲ್ಲವೇ 30 ದಿನ. ಅಂಗಡಿಯ ಪ್ಯಾಕು ಹೆಚ್ಚಾಗಿ 28 ದಿನದ್ದು. ಅಮಾವಾಸ್ಯೆಗೆ ಹಾಕಿಸಿದ್ದು ಮುಂದಿನ ಅಮಾವಾಸ್ಯೆಗೆ ಮುಂಚೆಯೇ ತೀರಿರುತ್ತದೆ. ಅದಕ್ಕೇ ಉದ್ದ ಅವಧಿಯದು ಹಾಕಿಸಿ ಅಂದದ್ದು.

ಚಾರ್ಜನ್ನು ತುಂಬ ಹಾಕಬೇಡಿ. ಸದಾ ಪೂರ್ತಿ ತುಂಬಿಟ್ಟರೂ, ಪೂರ್ತಿ ಖಾಲಿ ಬಿಟ್ಟರೂ ಬ್ಯಾಟರಿ ಬೇಗ ಹಾಳಾಗುತ್ತದೆ. ಅರ್ಧಕ್ಕಿಂತ ತುಸು ಮೇಲೆ ಬಂದರೆ ಸಾಕು, ಆರಿಸಿ ಇಡಿ. ರಾತ್ರಿಯೆಲ್ಲ ವೈರಿಗೆ ನೇತುಹಾಕಿ ಮಲಗುವುದು ಸೋಮಾರಿಗಳ ಕೆಲಸ. ಮಳೆ ಹಿಡಿಯುವ ಲಕ್ಷಣ ಕಂಡಾಗ ಮಾತ್ರ ಪೂರ್ತಿ ತುಂಬಿಸಿ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ಅಫಜಲಪುರ ಕಡೆಯ ನಮ್ಮ ತವರಿನಲ್ಲಿ ಕರೆಂಟ್ ಹೋಯಿತು. ದೊಡ್ಡ ಫೋನುಗಳೆಲ್ಲ ಮರುದಿನಕ್ಕೇ ಮಲಗಿದವು. ನಮ್ಮ ವೈನಿಯ ಬಟನ್ ಫೋನು ಒಂದೇ ಜೀವ ಹಿಡಿದಿತ್ತು. ಓಣಿಯವರೆಲ್ಲ ಬಂದು ಅದರಲ್ಲೇ "ಆರಾಮ ಇದ್ದೀವಿ" ಅಂತ ಊರೂರಿಗೆ ಹೇಳಿದರು.

ಫೋನು ನೀರಿಗೆ ಬಿದ್ದರೆ ಅಕ್ಕಿ ಡಬ್ಬಿಯಲ್ಲಿ ಹೂಳುವ ಹುಚ್ಚು ಎಲ್ಲಿಂದ ಬಂತೋ! ಅಕ್ಕಿಯ ಹಿಟ್ಟು ಒಳಗೆ ಹೋಗಿ ಕೂರುತ್ತದೆ. ಬ್ಯಾಟರಿ, ಸಿಮ್ ತೆಗೆದು, ಒರೆಸಿ, ಫ್ಯಾನಿನ ಕೆಳಗೆ ಎರಡು ದಿನ ಬಿಡಿ. ಡಬ್ಬಿ ಅಂದಾಗ ನೆನಪಾಯಿತು, ಬಿಸಿಲಿಗೆ ಹಾಕಿದ ತೊಗರಿ ಬೇಳೆಯನ್ನು ಬಿಸಿ ಇರುವಾಗಲೇ ತುಂಬಿ ಮುಚ್ಚಳ ಹಾಕಬೇಡಿ. ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಪೂರ್ತಿ ಆರಲಿ, ಆಮೇಲೆ ತುಂಬಿರಿ.

112 ಒಂದೇ ನಂಬರಿಗೆ ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲ ಸಿಗುತ್ತದೆ. ಆಂಬುಲೆನ್ಸಿಗೆ 108 ಕೂಡ ಇದೆ. 2017ರಿಂದ ಮಾರುವ ಬಟನ್ ಫೋನುಗಳಲ್ಲಿ 5 ಇಲ್ಲವೇ 9 ಗುಂಡಿ ಒತ್ತಿ ಹಿಡಿದರೆ ಆಪತ್ತಿನ ಕರೆ ಹೋಗಬೇಕು ಅಂತ ನಿಯಮ ಇದೆ. ಸುಮ್ನೆ ಪರೀಕ್ಷೆ ಮಾಡಿ ಅವರ ತಲೆ ತಿನ್ನಬೇಡಿ. ಉಳಿದ ನಂಬರುಗಳನ್ನು ಫೋನಿನಲ್ಲಷ್ಟೇ ಅಲ್ಲ, ಸಿಮ್ಮಿನಲ್ಲೂ ಉಳಿಸಿ. ಹೆಸರು ನೆಟ್ಟಗೆ ಇರಲಿ. "ಪಪ್ಪು", "ಜಾನು" ಅಂತ ಬರೆದರೆ ದಾರಿಹೋಕರು ಯಾರಿಗೆ ಫೋನು ಮಾಡಬೇಕು? ಬಾಲ್‌ಪೆನ್ನಿನಿಂದ ಒಂದು ಚೀಟಿ ಬರೆದು ಹಿಂದಿನ ಮುಚ್ಚಳದ ಒಳಗೆ ಟೇಪ್ ಹಚ್ಚಿ.

ಇಡುವ ಜಾಗ ತಂಪಾಗಿರಲಿ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಕಿಟಕಿ ಕಟ್ಟೆಯ ಮೇಲೆ ಇಟ್ಟರೆ ಬ್ಯಾಟರಿ ಉಳಿಯುತ್ತದೇನು? ತಿಜೋರಿಯೊಳಗೂ ಬೇಡ, ಕೀಲಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಮನೆಯ ಮಕ್ಕಳಿಗೆ ಎಟಕುವ ಮಾಡದಲ್ಲಿಡಿ, ಶುರು ಮಾಡುವುದನ್ನು ಅವರ ಕೈಯಿಂದಲೇ ಮಾಡಿಸಿ ಕಲಿಸಿ. ಅದರದೇ ಚಾರ್ಜರನ್ನು ರಬ್ಬರ್ ಹಾಕಿ ಜೊತೆಗೇ ಕಟ್ಟಿಡಿ. ಅಳಿಯ ಬಂದು ಕೇಳಿದರೂ ಬಿಚ್ಚಿ ಕೊಡಬೇಡಿ.